ಒಂದೇ ಗುಂಡಿಯ ಎರಡು ಗೊರಟು

ಆ ಕಾಗದ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿರುತ್ತಿತ್ತು. ಮೊಮ್ಮಗಳು ಕುಮಟೆಯಲ್ಲಿ ಮರ ಹತ್ತುವ, ಮರ ಸವರುವ ಕೆಲಸದ ತರಬೇತಿಗೆ ಹೋಗುತ್ತಿದ್ದಳು, ಅಲ್ಲಿ ಕೊಟ್ಟದ್ದು. ಮರದ ಕೆಲಸದವರು ಆಡುವ ಮಾತುಗಳು ಒಂದು ಕಡೆ, ಅವುಗಳ ಅರ್ಥ ಇನ್ನೊಂದು ಕಡೆ. ದಿನಾ ಸಂಜೆ ನಾನು ಕಾಗದ ಹಿಡಿದು ಕೇಳಬೇಕು, ಅವಳು ಒಪ್ಪಿಸಬೇಕು. ನಾನು ಓದಿದ್ದು ಮೂರನೇ ಇಯತ್ತೆ. ನಾನು ಅಕ್ಷರ ಕೂಡಿಸಿ ಮಾತು ಮುಗಿಸುವಷ್ಟರಲ್ಲಿ ಅವಳು ಅರ್ಥವನ್ನೂ ಹೇಳಿ ಮುಗಿಸಿ ನನ್ನ ಮುಖ ನೋಡುತ್ತಿದ್ದಳು.

ಮೊದಮೊದಲು ನನಗೆ ನಗು. ಹಳದೀಪುರದಲ್ಲಿ ಹುಟ್ಟಿ ಬೆಳೆದವಳಿಗೆ ಮರ ಅಂದರೇನು ಎಂದು ಕಾಗದ ಹೇಳಬೇಕೆ?

“ನೆತ್ತಿ ಅಂದ್ರೆ ಎಂತ?” ಎಂದು ಕೇಳಿದೆ.

“ಮೊದಲ ಗೆಲ್ಲಿಂದ ಮೇಲಿದ್ದದ್ದೆಲ್ಲ. ಗೆಲ್ಲು, ಎಲೆ, ಚಿಗುರು, ಎಲ್ಲ ಸೇರಿ ನೆತ್ತಿ.”

“ಇದನ್ನ ಕಲಿಯೂಕೆ ಕುಮಟಿವರೆಗೆ ಬಸ್ಸಿಗೆ ಹೋಗ್ಬೇಕಾ?”

“ಮುಂದಿಂದು ಕೇಳು ಅಜ್ಜಿ. ಬಾಯಿ ಮಾಡಬೇಡ.”

ಮುಂದಿನದು ಕೊರಳು. ಗೆಲ್ಲು ಕಾಂಡದಿಂದ ಹೊರಡುವ ಜಾಗದಲ್ಲಿ ಸುತ್ತ ಉಬ್ಬಿಕೊಂಡಿರುತ್ತದಲ್ಲ, ಅದು. ಗೆಲ್ಲು ಕಡಿಯುವಾಗ ಕೊರಳನ್ನು ಕಡಿಯಬಾರದು, ಅದರ ಹೊರಗೆ ಕಡಿಯಬೇಕು. ಕೊರಳು ಉಳಿದರೆ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ, ಸೆಗಣಿ ಬೇಡ, ಟಾರು ಬೇಡ. ಇದನ್ನು ಕೇಳಿ ನನ್ನ ನಗು ನಿಂತಿತು. ನಮ್ಮ ಮನೆಯಲ್ಲಿ ಯಾವತ್ತೂ ಗೆಲ್ಲನ್ನು ಕಾಂಡಕ್ಕೆ ಸಪಾಟಾಗಿ ಕಡಿದು ಸೆಗಣಿ ಮೆತ್ತುತ್ತಿದ್ದೆವು, ನೋಡಲಿಕ್ಕೆ ಚಂದ ಎಂದು. ಆ ಜಾಗದಲ್ಲೆಲ್ಲ ನಾಲ್ಕು ಮಳೆಗಾಲ ಕಳೆಯುವುದರೊಳಗೆ ಪೊಟರೆ. ಗಿಳಿ ಗೂಡು ಮಾಡಲಿಕ್ಕೆ ನಾವೇ ಬಾಗಿಲು ತೆಗೆದುಕೊಟ್ಟಂತೆ.

ಮೂರು ಕೊಯ್ತ ಎಂದು ಇನ್ನೊಂದು. ದೊಡ್ಡ ಗೆಲ್ಲಿಗೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು ಕೊರಳಿನ ಹತ್ತಿರ ತೆಗೆಯಬೇಕು. ನನ್ನ ಗಂಡ ಒಮ್ಮೆ ಹಲಸಿನ ಗೆಲ್ಲನ್ನು ಒಂದೇ ಸಮ ಮೇಲಿನಿಂದ ಕಡಿದಿದ್ದರು. ಗೆಲ್ಲು ಬೀಳುವಾಗ ತೊಗಟೆಯನ್ನು ಬುಡದವರೆಗೆ ಸುಲಿದುಕೊಂಡೇ ಹೋಯಿತು. ಎರಡು ವರ್ಷಕ್ಕೆ ಮರ ಸತ್ತಿತು. ಯಾರದೋ ಕಣ್ಣು ಬಿತ್ತು ಎಂದು ಮನೆಯವರೆಲ್ಲ ಹೇಳಿದರು. ನಾನೂ ಹೇಳಿದೆ.

ಪರೀಕ್ಷೆ ಮಾತ್ರ ಕಾಗದದ ಮೇಲೆ ಅಲ್ಲ. ಸ್ವಂತ ಊರಿನಲ್ಲಿ ಒಂದು ಮರ ಆರಿಸಿಕೊಂಡು, ಕಲಿಸುವವರ ಎದುರಿಗೆ ಹಗ್ಗ ಹಾಕಿ ಹತ್ತಿ, ದೊಡ್ಡದೊಂದು ಗೆಲ್ಲನ್ನು ಕೆಳಗಿದ್ದದ್ದಕ್ಕೆ ಪೆಟ್ಟಾಗದ ಹಾಗೆ ಇಳಿಸಿ ತೋರಿಸಬೇಕು. ಅವಳು ಆರಿಸಿದ್ದು ನಮ್ಮ ಹಿತ್ತಲಿನ ಮಾವಿನ ಮರ. ಅದರ ಒಂದು ಬದಿ ಅಡುಗೆಮನೆಯ ಹಂಚಿನ ಮೇಲೆ ಬಗ್ಗಿತ್ತು. ಮಳೆ ಹಿಡಿಯುವ ಮೊದಲು ಅದನ್ನು ಹಗುರ ಮಾಡಬೇಕು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದೇ. ಅವಳ ಅಪ್ಪ, ನನ್ನ ಮಗ, ಹೊನ್ನಾವರಕ್ಕೆ ಗೂಡ್ಸ್ ರಿಕ್ಷಾ ಹೊಡೆಯುವವನು. “ಎರಡೂ ಕೆಲಸ ಒಟ್ಟಿಗೆ ಆತು” ಎಂದು ಅವನಿಗೆ ಖುಷಿ.

ಪರೀಕ್ಷೆಗೆ ಎಂಟು ದಿನ ಇತ್ತು. ಆ ಸಂಜೆ ಕಾಗದದ ಹಿಂದಿನ ಬದಿಗೆ ಬಂದೆವು. ಅಲ್ಲಿ ಬರೆದದ್ದು “ಒಳತೊಗಟೆ”.

“ಒಳತೊಗಟೆ ಅಂದ್ರೆ ಎಂತ?”

“ಎರಡು ಕಾಂಡ ಒತ್ತಿ ಒತ್ತಿ ಬೆಳೀತ್ವಲೆ ಅಜ್ಜಿ, ಆಗ ನಡುವಿನ ತೊಗಟೆ ಒಳಗೇ ಸಿಕ್ಕಿಬೀಳ್ತದೆ. ಹೊರಗಿಂದ ನೋಡಿದ್ರೆ ಒಂದೇ ಮರ. ಒಳಗೆ ಕೂಡಿರುದೇ ಇಲ್ಲ. ಭಾರ ಬಿದ್ರೆ ಸೀಳಿ ಹೋಗ್ತದೆ. ಅಂಥ ಕವಲಿಗೆ ಯಾವತ್ತೂ ಹಗ್ಗ ಹಾಕೂಕಿಲ್ಲ. ಸರಿ ಆತಲ್ಲ? ಮುಂದಿಂದು ಕೇಳು.”

ಮುಂದಿನದನ್ನು ಕೇಳಲು ನನಗೆ ಅಕ್ಷರ ಕಾಣಲಿಲ್ಲ. ಕನ್ನಡಕ ಒರೆಸಿದೆ. ಕಣ್ಣು ನೋಯುತ್ತದೆ ಎಂದು ಹೇಳಿ ಎದ್ದೆ.

ಯಾಕೆಂದು ಹೇಳುತ್ತೇನೆ. ಆ ಮಾವಿನ ಮರ ಒಂದು ಮರವಲ್ಲ. ಇದು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮ ಕಡೆ ಗೊರಟು ನೆಡುವಾಗ ಒಂದು ಗುಂಡಿಗೆ ಎರಡು ಹಾಕುತ್ತಿದ್ದರು. ಒಂದನ್ನು ಒರಲೆ ಹುಳು ತಿಂದರೆ ಇನ್ನೊಂದು ಇರಲಿ ಎಂದು. ಎರಡನೇ ಮಳೆಗಾಲಕ್ಕೆ ಎರಡೂ ಬದುಕಿದ್ದರೆ ಸೊರಗಿದ್ದನ್ನು ಬೇರು ಸಮೇತ ಕಿತ್ತು ಎಸೆಯಬೇಕು. ನಾನು ಮದುವೆಯಾಗಿ ಬಂದ ವರ್ಷ ನನ್ನ ಅತ್ತೆ ನನ್ನ ಕೈಯಿಂದ ಹಾಗೆ ನೆಡಿಸಿದರು. ಎರಡೂ ಬದುಕಿದವು. ಎರಡೂ ಒಂದೇ ಎತ್ತರ, ಒಂದೇ ದಪ್ಪ. ಕೀಳು ಎಂದು ಅತ್ತೆ ಹೇಳಿದ ದಿನ ಮಗನಿಗೆ ಮೂರು ತಿಂಗಳು, ನನಗೆ ಜ್ವರ, ಗದ್ದೆಯಲ್ಲಿ ಭತ್ತದ ನೆಟ್ಟಿ. ಕೂತು ಕೀಳಲಿಕ್ಕೆ ಸೊಂಟ ಬಗ್ಗಲಿಲ್ಲ. ಸಂಜೆ ಅತ್ತೆ ಕೇಳಿದರು.

“ಕಿತ್ತಿಯೇನೆ?”

“ಆತು” ಎಂದೆ.

ನಾಳೆ ಕಿತ್ತರಾಯಿತು ಎಂದುಕೊಂಡದ್ದು. ನಾಳೆ ಅನ್ನುವುದು ಬರಲೇ ಇಲ್ಲ. ಅತ್ತೆಗೆ ಕಣ್ಣು ಮಂಜು, ಆದರೆ ಕೈ ಚುರುಕು. ಮುಟ್ಟಿದರೆ ಗೊತ್ತಾಗುತ್ತದೆ ಎಂದು ಹೆದರಿ, ಹರಿದ ಮೀನುಬಲೆಯ ಹಸಿರು ನೈಲಾನ್ ದಾರದಿಂದ ಎರಡೂ ಸಸಿಗಳನ್ನು ಬಿಗಿದು ಒಂದು ಮಾಡಿ ಕಟ್ಟಿದೆ. ಗಂಡಸರು ಹಿತ್ತಲ ಗಿಡವನ್ನು ಬಗ್ಗಿ ನೋಡುವವರಲ್ಲ, ಅವು ಹಾಗೇ ಬೆಳೆದವು. ಕಟ್ಟು ಒಳಗೆ ಹೂತುಹೋಯಿತು. ನಡುವಿನ ಸಂದು ಉಳಿಯಿತು. ದೀಪಾವಳಿಗೆ ಗೋಡೆಗೆ ಬಿಳಿ ಶೇಡಿಮಣ್ಣು, ಕೆಮ್ಮಣ್ಣು ಬಳಿಯುವಾಗ ಉಳಿದದ್ದನ್ನು ಮರದ ಬುಡಕ್ಕೂ ಬಳಿಯುತ್ತಿದ್ದೆ. ಒರಲೆ ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದು. ನಾನು ಬಳಿದದ್ದು ಆ ಸಂದಿಗೆ. ವರ್ಷ ವರ್ಷ ಒಂದರ ಮೇಲೊಂದು ಬಳಿದು ಬಳಿದು ಅಲ್ಲಿ ಗೋಡೆಯ ಗಾರೆಯಂತೆ ಹೆಪ್ಪು ಕಟ್ಟಿತ್ತು.

ಅತ್ತೆ ಆ ಮರಕ್ಕೆ ಕೈಯೊರಗಿಸಿ ನಿಂತು ಬಂದವರ ಹತ್ತಿರ ಹೇಳುವುದು: “ನನ್ನ ಸೊಸೆ ಹೇಳಿದ ಕೂಡ್ಲೆ ಒಂದನ್ನ ಕಿತ್ತು ಬಿಸಾಕ್ತು. ಅದಕ್ಕೇ ನೋಡಿ ಎಷ್ಟು ದಪ್ಪ ಬಂತು. ನಿಮ್ಮ ಮನೇವು ಎರಡನ್ನೂ ಬಿಟ್ಕಂಡು ಕೂತ್ರು.” ಆ ಮನೆಯಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ವಿಷಯಕ್ಕೆ. ನಾನು ಬೇಡ ಎನ್ನಲಿಲ್ಲ. ಅವರು ಸತ್ತ ಮೇಲೆ ಮಗ ಅದನ್ನು ಹೇಳತೊಡಗಿದ, ಆಮೇಲೆ ಮೊಮ್ಮಗಳು. ಒಂದು ಸುಳ್ಳು ಮೂರು ತಲೆಮಾರಿನ ಬಾಯಲ್ಲಿ ಓಡಾಡಿದ ಮೇಲೆ ಅದನ್ನು ತಡೆಯುವುದು ಹೇಗೆ? ಚಿಕ್ಕವಳಿದ್ದಾಗ ಅವಳು ಒಂದು ಸುಳ್ಳು ಹೇಳಿದರೆ ಕಿವಿ ಹಿಂಡಿದವಳು ನಾನೇ.

ಮಾರನೆಯ ದಿನ ಬೆಳಿಗ್ಗೆ ಸೊಸೆ ನೀರು ತರಲು ಹೋದಾಗ ಹಿತ್ತಲಿಗೆ ಹೋದೆ. ಇಷ್ಟು ವರ್ಷದಲ್ಲಿ ಕೂಡಿಕೊಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಕತ್ತಿಯ ಹಿಂಬದಿಯಿಂದ ಕೆಮ್ಮಣ್ಣಿನ ಪದರವನ್ನು ಒಂದು ಕಡೆ ಕೆರೆದೆ. ಕಸ ಗುಡಿಸುವ ಹಿಡಿಯಿಂದ ಒಂದು ಕಡ್ಡಿ ಎಳೆದು ಸಂದಿಗೆ ತೂರಿಸಿದೆ. ನಿಲ್ಲುತ್ತದೆ ನಿಲ್ಲುತ್ತದೆ ಎಂದು ನೋಡಿದರೆ ಕಡ್ಡಿ ಒಂದು ಗೇಣು ಒಳಗೆ ಹೋಯಿತು. ಹೊರಗೆ ತೆಗೆದಾಗ ತುದಿ ಕಪ್ಪು, ಹಸಿ. ವಾಸನೆ ನೋಡಿದೆ. ಕೊಳೆತ ತೊಗಟೆಯ ವಾಸನೆ. ಒಂದು ಸಾಲು ಇರುವೆ ಕಡ್ಡಿಯ ಹಿಂದೆಯೇ ಬಂತು. ಕೆರೆದ ಜಾಗಕ್ಕೆ ಮಣ್ಣು ಮೆತ್ತಿ ಬಂದೆ. ಕೈ ತೊಳೆದರೂ ಆ ವಾಸನೆ ಮಧ್ಯಾಹ್ನದ ಊಟದವರೆಗೆ ಹೋಗಲಿಲ್ಲ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ದಿನಕ್ಕೊಂದು ನೆವ ಹುಡುಕಿದೆ. ಮರದಲ್ಲಿ ಚಗಳಿ ಇರುವೆ ಇದೆ ಎಂದೆ. ಹೊಗೆ ಹಾಕುವಾ ಎಂದಳು. ಕಣಜದ ಗೂಡು ಇದೆ ಎಂದೆ. ಅವಳು ಕತ್ತೆತ್ತಿ ಇಡೀ ಮರ ನೋಡಿ, “ಎಲ್ಲಿ ತೋರ್ಸು” ಎಂದಳು. ನಾಲ್ಕನೇ ದಿನ ಬೇರೆ ಮರ ಆರಿಸು, ಹೊಳನಗದ್ದೆಯಲ್ಲಿ ನನ್ನ ತಂಗಿಯ ಮನೆಯ ನೇರಳೆ ಇದೆ, ನೆಟ್ಟಗೆ ಇದೆ ಎಂದೆ. ಅವಳು ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಅಜ್ಜಿ, ಒಂದು ಮಾತು ಕೇಳ್ತೆ. ಇದೇ ಕೆಲಸಕ್ಕೆ ನನ್ನ ಬದ್ಲು ನಿನ್ನ ಮೊಮ್ಮಗ ಹೋಗಿದ್ರೆ ಹೀಂಗೇ ಹೇಳ್ತಿದ್ಯಾ?”

“ಅದಲ್ಲ ತಂಗಿ.”

“ಮತ್ತೆಂತದು?”

ನಾನು ಒಲೆಗೆ ಕಟ್ಟಿಗೆ ದೂಡಲು ಎದ್ದೆ.

“ಕ್ಲಾಸಿನಲ್ಲಿ ಹುಡುಗ್ರು ಹೇಳುದು ಸಾಕಾಗುದಿಲ್ಲ ಅಂತ ಮನೇಲಿ ನೀನೊಬ್ಳು” ಎಂದಳು. ಅವತ್ತಿನಿಂದ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ಗೋಡೆಗೆ ಮುಖ ಮಾಡಿ ತಾನೇ ಒಪ್ಪಿಸಿಕೊಂಡಳು.

ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಮರ ನೋಡುವುದೇ ಕೆಲಸ. ಸೊಸೆ ಹೇಳುತ್ತಿದ್ದಳು, “ಅತ್ತೆ, ಸಾರು ಉಕ್ಕಿ ಒಲೆ ಮೇಲೆ ಹೋತು, ನೀವು ಎಂತ ನೋಡ್ತಿರಿ?” ಗಾಳಿ ಬಂದರೆ ಎರಡೂ ಕಾಂಡ ಒಟ್ಟಿಗೆ ಅಲುಗುವುದಿಲ್ಲ, ಒಂದು ಮೊದಲು, ಒಂದು ಆಮೇಲೆ. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಅದೇ ಕಾಣುತ್ತಿತ್ತು. ಪರೀಕ್ಷೆಯ ದಿನ ಮಳೆ ಬರಲಿ ಎಂದು ಹರಕೆ ಹೇಳಿಕೊಂಡೆ. ಮೇ ತಿಂಗಳ ಬಿಸಿಲು, ಯಾವ ದೇವರು ಕೇಳುತ್ತಾನೆ.

ಕಲಿಸುವವರು ಭಟ್ಕಳದವರು. ಬೆಳಿಗ್ಗೆಯ ಬಸ್ಸಿಗೆ ಬಂದಿಳಿದರು. ಬಿಳಿ ಗಡ್ಡ, ಹೆಗಲ ಮೇಲೆ ಹಗ್ಗದ ಚೀಲ, ಕೈಯಲ್ಲೊಂದು ಮರದ ಸುತ್ತಿಗೆ. ಮನೆಯಲ್ಲಿ ನವಾಯತಿ ಮಾತು, ನಮ್ಮ ಹತ್ತಿರ ಒಳ್ಳೆ ಕನ್ನಡ. ಚಾ ಕುಡಿದು ನೇರ ಹಿತ್ತಲಿಗೆ ಬಂದರು. ಸೊಸೆಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದರು. ಗೆಲ್ಲು ಬೀಳುವ ಜಾಗಕ್ಕೆ ಸುತ್ತ ಪಟ್ಟಿ ಕಟ್ಟಿಸಿದರು. ಅದರೊಳಗೆ ಯಾರೂ ಕಾಲಿಡಬಾರದು. ಮರ ನೋಡುವುದು, ಹೇಳುವುದು ಎಲ್ಲ ಮೊಮ್ಮಗಳೇ. ಇವರು ಸುಮ್ಮನೆ ನಿಂತು ಕೇಳುವುದು.

ಅವಳು ಮೂರು ಸುತ್ತು ಬಂದಳು. ಬುಡ ನೋಡಿದಳು, ಅಣಬೆ ಇಲ್ಲ ಎಂದಳು. ಸುತ್ತಿಗೆಯಿಂದ ತಟ್ಟಿ ಕಿವಿ ಕೊಟ್ಟಳು. ಪೊಳ್ಳು ಇಲ್ಲ ಎಂದಳು. ಆಮೇಲೆ ಸಂದು ಇದ್ದ ಬದಿಗೆ ಬಂದಳು.

“ಇಲ್ಲಿ ಕೆಮ್ಮಣ್ಣು ದಪ್ಪ ಹತ್ತಿದೆ, ತೊಗಟೆ ಕಾಣ್ತಿಲ್ಲ. ಒರಲೆ ಬರಬಾರ್ದು ಅಂತ ನಮ್ಮ ಅಜ್ಜಿ ವರ್ಷಾ ಬಳಿತ್ರು” ಎಂದಳು.

ಆ ಸಾಹೇಬರು ನನ್ನ ಕಡೆ ತಿರುಗಿದರು. “ಅಮ್ಮ, ಈ ಮರ ಯಾರು ನೆಟ್ಟದ್ದು?”

“ನಾನೇ.”

“ಮರದ ವಿಷಯ ಮರ ನೆಟ್ಟವರನ್ನ ಕೇಳ್ಬೇಕು ಅಂತ ನಾನು ಇವರಿಗೆಲ್ಲ ಹೇಳ್ತೇನೆ. ನಿಮ್ಗೆ ಏನಾದ್ರೂ ಹೇಳುದು ಉಂಟಾ?”

ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಮತ್ತೆ ಚಗಳಿ ಇರುವೆಯ ಮಾತು ತೆಗೆಯುತ್ತಾಳೆ ಎನ್ನುವ ಮುಖ. ಬಾಗಿಲ ಹತ್ತಿರ ಮಗ ನಿಂತಿದ್ದ, ಬಾಡಿಗೆ ಬಿಟ್ಟು ಬಂದವನು.

“ಎಂತ ಇಲ್ಲ” ಎಂದೆ.

ನನ್ನ ಬಾಯಿಂದಲೇ ಬಂದದ್ದು. ಈಗಲೂ ಅದನ್ನು ಹೇಳುವಾಗ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಅವಳು ಮರಳಿನ ಸಣ್ಣ ಚೀಲ ಕಟ್ಟಿದ ತೆಳು ದಾರವನ್ನು ಬೀಸಿ ಎಸೆದಳು. ಎರಡನೇ ಸಲಕ್ಕೆ ಕವಲಿನ ಮೇಲಿಂದ ಹಾರಿ ಆಚೆ ಇಳಿಯಿತು. ನನಗೆ ಗೊತ್ತಿದ್ದ ಕವಲೇ. ಎರಡೂ ಕಾಂಡ ಬೇರೆ ಬೇರೆಯಾಗುವ ಜಾಗ, ಎರಡಾಳು ಎತ್ತರ. ದಾರದ ಹಿಂದೆ ದಪ್ಪ ಹಗ್ಗ ಹೋಯಿತು. ಹತ್ತುವ ಮೊದಲು ಇಬ್ಬರೂ ಹಗ್ಗಕ್ಕೆ ಜೋತುಬಿದ್ದು ಭಾರ ಹಾಕಿ ನೋಡಿದರು. ಅದು ಅವರ ಪದ್ಧತಿ. ಮರ ಶಬ್ದ ಮಾಡಲಿಲ್ಲ. “ಗಟ್ಟಿ ಉಂಟು” ಎಂದಳು. ಸಾಹೇಬರು ತಲೆಯಾಡಿಸಿದರು. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಸೊಂಟದ ಕೊಂಡಿ ಎಳೆದು ನೋಡಿ, ಕಾಲು ಮೇಲೆ ತೆಗೆದಳು.

ಅವರೆಲ್ಲ ಮೇಲೆ ನೋಡುತ್ತಿದ್ದರು. ನಾನು ಒಬ್ಬಳೇ ಬುಡ ನೋಡುತ್ತಿದ್ದದ್ದು. ಅವಳು ಹಗ್ಗದಲ್ಲಿ ಒಂದಾಳು ಎತ್ತರ ಹೋದಾಗ ಕೆಮ್ಮಣ್ಣಿನ ಮೇಲೆ ಕೂದಲಿನಷ್ಟು ತೆಳು ಗೆರೆ ಬಂತು. ಅವಳು ಕಾಲು ಒದ್ದು ಇನ್ನೊಂದು ಮೊಳ ಏರಿದಳು. ಗೆರೆ ಮೇಲಕ್ಕೆ ಓಡಿತು. ಅಂಗೈಯಷ್ಟು ದೊಡ್ಡ ಮಣ್ಣಿನ ಹೆಕ್ಕಳೆ ಕಳಚಿ ಕೆಳಗೆ ಬಿದ್ದು ಪುಡಿಯಾಯಿತು. ನಾನು ಪಟ್ಟಿ ದಾಟಿ ಒಳಗೆ ಹೋದದ್ದು ನನಗೇ ಗೊತ್ತಿಲ್ಲ.

“ಅಜ್ಜಿ, ಹೊರಗೆ ಹೋಗು” ಎಂದು ಮೇಲಿಂದ ಬೈದಳು.

“ಇಳಿ.”

“ಮತ್ತೆ ಶುರು ಮಾಡ್ದ್ಯಾ?”

“ಇದು ಒಂದು ಮರ ಅಲ್ಲ ತಂಗಿ. ಎರಡು. ಒಂದು ಗುಂಡಿಗೆ ಎರಡು ನೆಟ್ಟದ್ದು. ಒಂದನ್ನ ಕಿತ್ತೆ ಅಂತ ನಾನು ಸುಳ್ಳು ಹೇಳ್ದೆ. ನಿನ್ನ ಕಾಗದದಲ್ಲಿ ಇದ್ದದ್ದು ಇದೇ. ಇಳಿ.”

ಸಾಹೇಬರು ಒಂದೇ ಮಾತು ಹೇಳಿದರು: “ನಿಧಾನ. ಜಗ್ಗಬೇಡ.” ಅವಳು ಇಳಿದಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಅಷ್ಟರಲ್ಲಿ ನಾನು ಅವಳನ್ನು ಮನಸ್ಸಿನಲ್ಲಿ ಎಷ್ಟು ಸಲ ಮಣ್ಣಿಗೆ ಹಾಕಿ ಬಂದೆ ಎಂದು ನನಗೇ ಗೊತ್ತು.

ಅವಳ ಕಾಲು ನೆಲಕ್ಕೆ ತಾಗಿತು. ನಾನು ಹೋಗಿ ಹಿಡಿಕಡ್ಡಿ ತಂದು ಕೊಟ್ಟೆ. ಅವಳು ಸಂದಿಗೆ ತೂರಿಸಿದಳು. ಗೇಣು ಹೋಯಿತು. ಮೇಲೆ ಇನ್ನೊಂದು ಕಡೆ ಹಾಕಿದಳು, ಅಲ್ಲಿಯೂ ಹೋಯಿತು. ಸಾಹೇಬರು ಕಡ್ಡಿಯ ತುದಿ ನೋಡಿ ನನ್ನನ್ನು ನೋಡಿದರು.

“ಅಮ್ಮ, ನಾನು ಕೇಳಿದ್ನಲ್ಲ.”

“ಕೇಳಿದ್ರಿ.”

“ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು.”

ಅವರು ಅಷ್ಟಕ್ಕೆ ಬಿಟ್ಟರು. ಮಗ ಬಿಡಲಿಲ್ಲ. “ಅಬ್ಬೆ, ಇಷ್ಟು ದಿನ ಬಾಯಿ ಮುಚ್ಕಂಡು ಹೇಗೆ ಕೂತೆ ನೀನು?” ಎಂದು ಕೇಳಿದ. ಮೊಮ್ಮಗಳು ಹೆಲ್ಮೆಟ್ ಬಿಚ್ಚಿ ಕೆಳಗಿಟ್ಟಳು. ಕೂದಲೆಲ್ಲ ಬೆವರಿಗೆ ಅಂಟಿತ್ತು. ಅವಳು ಹೇಳಿದ್ದು ಬೇರೆ.

“ನಾ ಹೆಣ್ಣು ಅಂತ ನೀನು ಹೆದರ್ತಿ ಅಂದ್ಕಂಡಿದ್ದೆ.”

“ಹೆಣ್ಣು ಗಂಡು ಎಂತ. ಬಿದ್ರೆ ಎರಡೂ ಒಂದೇ” ಎಂದೆ.

ಅವಳಿಗೆ ನಗು ಬರಲಿಲ್ಲ. ಬರಬೇಕು ಎಂದು ನಾನು ಹೇಳಿದ್ದೂ ಅಲ್ಲ.

ಪರೀಕ್ಷೆ ನಿಲ್ಲಿಸಲಿಲ್ಲ. ಈಗ ಏನು ಮಾಡುತ್ತಿ ಎಂದು ಸಾಹೇಬರು ಅವಳನ್ನೇ ಕೇಳಿದರು. ಅವಳು ಬಹಳ ಹೊತ್ತು ಮರದ ಸುತ್ತ ತಿರುಗಿದಳು. ಆಮೇಲೆ ಹೇಳಿದಳು: ಮೊದಲು ಎರಡೂ ಕಾಂಡವನ್ನು ಬೆಲ್ಟಿನಿಂದ ಎರಡು ಕಡೆ ಬಿಗಿಯಬೇಕು. ಹಗ್ಗ ಕವಲಿಗೆ ಬೇಡ, ಆಚೆ ಬದಿಯ ಕಾಂಡಕ್ಕೆ ಮಾತ್ರ. ಅಡುಗೆಮನೆಯ ಮೇಲೆ ಬಗ್ಗಿದ ಕಾಂಡದ ಒಂದು ಗೆಲ್ಲು ಇಳಿಸಿದರೆ ಸಾಲದು, ಅದನ್ನು ತುದಿಯಿಂದ ತುಂಡು ತುಂಡು ಮಾಡಿ ಬುಡದವರೆಗೆ ತೆಗೆಯಬೇಕು, ಈ ಮಳೆಗಾಲ ಅದು ನಿಲ್ಲುವುದಿಲ್ಲ. ಅವಳು ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೆಟ್ಟವಳು ನಾನಲ್ಲವೆ, ಕಡಿಯಲಿ ಎಂದು ಹೇಳುವುದು ನನ್ನ ಕೆಲಸ. “ಕಡಿ” ಎಂದೆ. ವರ್ಷಕ್ಕೆ ಎರಡು ಬುಟ್ಟಿ ಗೊಜ್ಜಿನ ಮಾವು ಕೊಡುತ್ತಿತ್ತು, ಅದರ ಮೇಲೆ ನನಗೆ ಬೇರೆ ಪ್ರೀತಿ ಇರಲಿಲ್ಲ.

ಎರಡು ದಿನ ಹಿಡಿಯಿತು. ಸಾಹೇಬರು ಮಾರನೆಯ ದಿನವೂ ಬಂದರು, ಕೆಳಗೆ ಹಗ್ಗ ಹಿಡಿಯಲು ಇನ್ನಿಬ್ಬರನ್ನು ಕರೆದುಕೊಂಡು. ಅವಳು ಮೇಲೆ ಇರುವಷ್ಟು ಹೊತ್ತು ನಾನು ಕೂತಲ್ಲಿ ಕೂರಲಿಲ್ಲ. ಗರಗಸ ನಿಂತರೆ ಯಾಕೆ ನಿಂತಿತು ಎಂದು, ಶುರುವಾದರೆ ಯಾಕೆ ಶುರುವಾಯಿತು ಎಂದು. ಒಂದೊಂದು ತುಂಡೂ ಹಗ್ಗದಲ್ಲಿ ತೂಗುತ್ತ ನಿಧಾನ ಇಳಿಯುತ್ತಿತ್ತು. ಹಂಚು ಒಂದೂ ಒಡೆಯಲಿಲ್ಲ.

ಕೊನೆಗೆ ಬುಡದ ತುಂಡು ಕಳಚಿ ಬಿದ್ದಾಗ ಉಳಿದ ಮರದ ಒಳಬದಿ ಕಂಡಿತು. ಕರಿ ತೊಗಟೆ, ಸುಕ್ಕು ಸುಕ್ಕು, ಬಿಸಿಲು ಕಾಣದ್ದು. ಎಲ್ಲಿಯೂ ಕೂಡಿರಲೇ ಇಲ್ಲ. ಮೊಣಕಾಲೆತ್ತರದಲ್ಲಿ ಹಸಿರು ದಾರ ಮರದಿಂದ ಹೊರಗೆ ಇಣುಕುತ್ತಿತ್ತು. ಅವಳು ಚಾಕುವಿನಿಂದ ಕೆರೆದು ಎಳೆದಳು. ಗಂಟು ಹಾಗೇ ಇತ್ತು.

“ಇದು ಯಾರು ಹಾಕಿದ ಗಂಟು?”

“ನಾನು.”

ಬೆರಳಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿದಳು. ಗಂಟಿನ ವಿದ್ಯೆ ಕಲಿತವಳಲ್ಲವೆ. “ಬಿಚ್ಚೂಕೆ ಬರುದಿಲ್ಲ” ಎಂದಳು. ಅದನ್ನು ಹೆಲ್ಮೆಟ್ಟಿನ ಒಳಗೆ ಹಾಕಿಟ್ಟಳು. ಅವಳು ಪಾಸಾದಳು ಎಂದು ಆಮೇಲೆ ಗೊತ್ತಾಯಿತು. ಆದರೆ ಬುಡದ ಕೆಮ್ಮಣ್ಣನ್ನು ಕೆರೆದು ನೋಡದೆ ಹಗ್ಗ ಹಾಕಿದ್ದಕ್ಕೆ ಸಾಹೇಬರು ಅವಳಿಗೂ ಬೈದರಂತೆ, ತಾನು ನೋಡಿಯೂ ಬಿಟ್ಟೆ ಎಂದು ತಮ್ಮನ್ನೂ ಬೈದುಕೊಂಡರಂತೆ.

ಉಳಿದ ಮರ ಈಗ ಒಂದೇ ಬದಿಗೆ ಗೆಲ್ಲು ಚಾಚಿ ನಿಂತಿದೆ. ಅದಕ್ಕೆ ಇನ್ನು ಗಾಳಿಯನ್ನು ಒಂಟಿಯಾಗಿ ತಡೆದು ಅಭ್ಯಾಸ ಆಗಬೇಕು, ಎರಡು ಮೂರು ವರ್ಷ ಕಣ್ಣಿಡಬೇಕು ಎಂದಿದ್ದಾಳೆ. ನಾನು ಕಣ್ಣಿಟ್ಟಿದ್ದೇನೆ. ಈ ಮಳೆಗಾಲ ಗಾಳಿ ಎದ್ದಾಗೆಲ್ಲ ಕಿಟಕಿಗೆ ಹೋದೆ. ಈ ದೀಪಾವಳಿಗೆ ಗೋಡೆಗೆ ಮಾತ್ರ ಬಳಿದೆ. ಉಳಿದ ಕೆಮ್ಮಣ್ಣನ್ನು ಚೆಲ್ಲಿದೆ.

ಅವಳಿಗೆ ಈಗ ಕೆಲಸ ಸಿಗುತ್ತಿದೆ. ಓಂ ಬೀಚಿನ ಕಡೆ ಗೆಸ್ಟ್ ಹೌಸಿನವರು ಕರೆಯುತ್ತಾರೆ, ಹೊಳನಗದ್ದೆಯಲ್ಲಿ ಮನೆಗಳಿಗೆ ಹೋಗುತ್ತಾಳೆ. ಬೆಳಿಗ್ಗೆ ಹಗ್ಗದ ಚೀಲ ಹೆಗಲಿಗೆ ಹಾಕಿ ಹೊರಟರೆ ಸಂಜೆ ಬಸ್ಸಿನಿಂದ ಇಳಿಯುವವರೆಗೆ ನಾನು ದಾರಿ ನೋಡುತ್ತಿರುತ್ತೇನೆ. ಬಂದು ಕಾಲು ತೊಳೆಯುವಾಗ ದಿನಾ ಒಂದೇ ಪ್ರಶ್ನೆ ಕೇಳುತ್ತೇನೆ.

“ಮರ ನೆಟ್ಟವರನ್ನ ಕೇಳಿದ್ಯಾ?”

“ಕೇಳ್ದೆ ಅಜ್ಜಿ. ಅಲ್ಲಿ ಒಬ್ರು ಅಜ್ಜ ಇದ್ರು. ಎಂತ ಇಲ್ಲ ಅಂದ್ರು.”

“ಇನ್ನೊಂದ್ ಸಲ ಕೇಳಿದ್ಯಾ?”

“ಕೇಳ್ದೆ.”

“ಕಡ್ಡಿ ಹಾಕಿ ನೋಡಿದ್ಯಾ?”

“ನೋಡ್ದೆ” ಎನ್ನುತ್ತಾಳೆ. ಅವಳ ಚೀಲದ ಹೊರಜೇಬಿನಲ್ಲಿ ನಾಲ್ಕೈದು ಹಿಡಿಕಡ್ಡಿ ಯಾವಾಗಲೂ ಇರುತ್ತವೆ. ಅವಳು ಒಳಗೆ ಹೋದ ಮೇಲೆ ನಾನು ಅವುಗಳನ್ನು ತೆಗೆದು ತುದಿ ನೋಡುತ್ತೇನೆ, ಅವಳು ಹೇಳಿದ್ದು ನಿಜವೋ, ಹಸಿ ಇದೆಯೋ ಒಣಗಿದೆಯೋ ಎಂದು.